ಚಾಚಾ ತಮಗಾಗಿ ಕೇಳಿದ ಪ್ರಶ್ನೆ

2009ರ ಜನವರಿಯಲ್ಲಿ ನಮ್ಮ ‘ನಾಲ್ಕೂರು ಬಳಗ’ದ ಅಂತರ್ಜಾಲ ಪುಟಕ್ಕೆ ಬಂದ ಒಂದು ಪ್ರಶ್ನೆಯನ್ನು ನಾನು ‘ಈಗಾಗಲೇ ಉತ್ತರಿಸಲಾಗಿದೆ’ ಎಂದು ಬರೆದು ಮುಚ್ಚಿದೆ. ಕೇಳಿದವರು ರಾಮನಗರದ ಒಬ್ಬ ರೇಷ್ಮೆ ರೀಲರು. ಗೂಡು ಬೇಯಿಸಿ ನೂಲು ತೆಗೆಯುವುದು ಅವರ ಕಸುಬು. ಪ್ರಶ್ನೆ ಉಸಿರಾಟದ ತೊಂದರೆಯದು. ಬಳಗದವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು.

ಕಳೆದ ತಿಂಗಳು ಕೆಲಸದ ಮೇಲೆ ರಾಮನಗರಕ್ಕೆ ಹೋದವನು ಹಳೆಯ ಬೀದಿಯೊಂದನ್ನು ದಾಟುತ್ತಿದ್ದೆ. ಬೇಯುವ ಗೂಡಿನ ವಾಸನೆ ಬಂತು. ಒದ್ದೆ ಕಂಬಳಿ, ಹಳಸಿದ ಮೀನು, ಸೌದೆಯ ಹೊಗೆ ಮೂರೂ ಬೆರೆತ ಹಾಗೆ… ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಬೀದಿಯವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಚಾಚಾ ಪಕ್ಕದಲ್ಲಿ ಕುಳಿತರೆ ಅವರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಆಗ ನಾನು ದಿನಪತ್ರಿಕೆಯೊಂದಕ್ಕೆ ಅಲ್ಲಿನ ವರದಿಗಾರನಾಗಿದ್ದೆ. ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಎಲ್ಲೆಲ್ಲಿಂದಲೋ ಬಂದ ಹುಡುಗರು, ಹುಡುಗಿಯರು ರಾಗಿ ಹೊಲಗಳ ಅಂಚಿನಲ್ಲಿ ಸಾಲಾಗಿ ಎದ್ದ ಶೀಟಿನ ಕೋಣೆಗಳಲ್ಲಿ ಬಾಡಿಗೆಗಿದ್ದರು. ಜ್ವರ ಬಂದರೆ ಯಾವ ಡಾಕ್ಟರು, ಸ್ಟೌ ಹತ್ತದಿದ್ದರೆ ಯಾರನ್ನು ಕೇಳುವುದು, ಅವರಿಗೆ ಗೊತ್ತಿರಲಿಲ್ಲ. ಸುದ್ದಿ ಕಳಿಸಲು ನಾನು ದಿನವೂ ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಿದ್ದೆ. ರಜೆ ಇದ್ದಾಗ ಪಕ್ಕದ ಕಂಪ್ಯೂಟರುಗಳಲ್ಲಿ ಇವರೇ ಇರುತ್ತಿದ್ದರು. ಹಾಗೆ ಶುರುವಾಯಿತು ಬಳಗ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ ಏನಾದರೂ ಕೇಳುತ್ತಿದ್ದರು. ಗೊತ್ತಿದ್ದವರು ಹೇಳುತ್ತಿದ್ದರು.

ನಿಯಮಗಳು ಎರಡೇ. ಕೇಳಿದವರು ಮುಂದೇನಾಯಿತೆಂದು ಬಂದು ತಿಳಿಸಬೇಕು. ಒಮ್ಮೆ ಬಂದ ಪ್ರಶ್ನೆ ಮತ್ತೆ ಬರಬಾರದು. ಎರಡನ್ನೂ ಮಾಡಿದವನು ನಾನು. ಮತ್ತೆ ಬಂದ ಪ್ರಶ್ನೆಯನ್ನು ಮುಚ್ಚಿ, ಹಳೆಯ ಉತ್ತರ ಎಲ್ಲಿದೆಯೆಂದು ತೋರಿಸುವುದೂ ನನ್ನದೇ ಕೆಲಸವಾಗಿತ್ತು.

ಚಾಚಾ ಮೊದಲು ಬಂದದ್ದು ಬೇರೊಬ್ಬರಿಗಾಗಿ. ಗೂಡಿನ ಮಾರುಕಟ್ಟೆಯ ಹರಾಜು ಮುಗಿಸಿ, ಮಧ್ಯಾಹ್ನ, ಕೈಚೀಲ ಹಿಡಿದು ಸೆಂಟರಿಗೆ ಬಂದರು. ಬಿಸಿನೀರಿನಲ್ಲಿ ವರ್ಷಗಟ್ಟಲೆ ನೆಂದು ಬಿಳಿಚಿಕೊಂಡ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ‘ನಮ್ಮ ಕಡೆಯವರೊಬ್ಬರಿಗೆ’ ಎಂದು ಶುರುವಾಗಿತ್ತು ಆ ಪ್ರಶ್ನೆ. ಮುಂದೆಯೂ ಅವರ ಪ್ರಶ್ನೆಗಳೆಲ್ಲ ಹಾಗೆಯೇ ಶುರುವಾದವು. ಓದು ಬಾರದ ನೆರೆಯವರಿಗೆ, ಮಾರುಕಟ್ಟೆಯ ಹಮಾಲರಿಗೆ, ಮಗಳನ್ನು ಕಾರ್ಖಾನೆಗೆ ಕಳಿಸಿ ದಿಗಿಲಾಗಿದ್ದ ಒಬ್ಬ ತಾಯಿಗೆ… ತಮಗೆಂದು ಅವರು ಏನನ್ನೂ ಕೇಳುತ್ತಿರಲಿಲ್ಲ.

ಆದರೆ ಉತ್ತರಗಳು ಅವರದೇ ಹೆಚ್ಚು. ಬಿಡದಿಯ ಹುಡುಗನೊಬ್ಬ ಕಾರ್ಖಾನೆಯ ಬೂಟು ಕಾಲಿನಲ್ಲಿ ಗುಳ್ಳೆಯೆಬ್ಬಿಸುತ್ತದೆ ಎಂದು ಬರೆದಾಗ, ಎರಡು ಜೊತೆ ಕಾಲುಚೀಲ ಹಾಕು, ಒಳಗಿನದು ತೆಳ್ಳಗಿರಲಿ ಎಂದರು. ಕುಕ್ಕರ್ ಸೀಟಿ ಕೂಗದಿದ್ದರೆ ಗ್ಯಾಸ್ಕೆಟನ್ನು ತಣ್ಣೀರಿನಲ್ಲಿ ನೆನೆಸು ಎಂದರು. ಹಾರೋಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದ ಒಬ್ಬ ಹುಡುಗಿಗೆ ಮಾಗಡಿ ಕಡೆ ಮದುವೆ ಗೊತ್ತಾಗಿತ್ತು. ಉತ್ತರದ ಜಿಲ್ಲೆಯವಳು, ರೊಟ್ಟಿ ಬಲ್ಲವಳು. ಮುದ್ದೆ ಗಂಟಾಗುತ್ತದೆ, ಏನು ಮಾಡಲಿ ಎಂದು ಕೇಳಿದಳು. ಚಾಚಾ ಬರೆದರು: ‘ಎಸರು ಕುದಿಯುವಾಗ ಹಿಟ್ಟು ಗುಡ್ಡೆ ಹಾಕಿ ಬಿಡಬೇಕು ಬೇಟಿ, ಕೋಲು ಮುಟ್ಟಬಾರದು. ಮೊದಲ ಮೂರು ದಿನ ಗಂಟಾಗುತ್ತೆ. ನಾಲ್ಕನೇ ದಿನ ನಿಮ್ಮ ಅತ್ತೆಗೆ ಅಭ್ಯಾಸವಾಗುತ್ತೆ.’

2008ರಲ್ಲಿ ಚನ್ನಪಟ್ಟಣದ ಒಬ್ಬ ಹೆಂಗಸು ಕೇಳಿದ್ದಳು. ರೀಲಿಂಗ್ ಮನೆಯಲ್ಲಿ ಕೂಲಿ, ಆವಿ ಕುಡಿದು ಕುಡಿದು ಎದೆ ಕಟ್ಟುತ್ತದೆ, ಉಬ್ಬಸ ಬರುತ್ತದೆ ಎಂದು. ಚಾಚಾ ಉದ್ದವಾಗಿ ಉತ್ತರಿಸಿದರು. ದೊಡ್ಡಾಸ್ಪತ್ರೆಯಲ್ಲಿ ಎದೆ ತೋರಿಸಿ, ತಡ ಮಾಡಬೇಡಿ. ಆವಿಯ ಕೋಣೆಯ ಕಡೆ ತಲೆ ಹಾಕಬೇಡಿ. ಕೆಲಸ ಬಿಡಲಾಗದಿದ್ದರೂ ಮಲಗುವುದಾದರೂ ಬೇರೆ ಕಡೆ ಇರಲಿ. ಮೂರು ತಿಂಗಳ ಮೇಲೆ ಆಕೆ ಬಂದು, ಕೆಲಸ ಬಿಟ್ಟೆ, ಈಗ ಪರವಾಗಿಲ್ಲ ಎಂದು ತಿಳಿಸಿದಳು. ಒಳ್ಳೆಯ ಉತ್ತರಕ್ಕೆ ಮಾದರಿ ಎಂದು ನಾನು ಅದನ್ನು ಪುಟದ ಮೇಲ್ಭಾಗದಲ್ಲಿ ಇಟ್ಟಿದ್ದೆ.

ಅದೇ ವರ್ಷದ ಕೊನೆಗೆ, ಒಂದು ಭಾನುವಾರ, ಬಳಗದ ಹದಿನೈದಿಪ್ಪತ್ತು ಜನ ಕೆಂಗಲ್ ದೇವಸ್ಥಾನದ ಹತ್ತಿರ ಮರದ ನೆರಳಿನಲ್ಲಿ ಸೇರಿದೆವು. ನಾಲ್ಕೂ ಕಡೆಯವರಿಗೆ ಬಸ್ಸು ಸಿಗುವ ಜಾಗ ಅದು. ಪುಳಿಯೋಗರೆ, ಮೊಸರನ್ನ ಬಂದಿದ್ದವು. ಚಾಚಾ ಒಂದು ಚೀಲ ಸೀಬೆಹಣ್ಣು ತಂದಿದ್ದರು. ಸೋಲೂರಿನ ಡೇರಿ ಕಾರ್ಯದರ್ಶಿಯೊಬ್ಬರು ಬಳಗದಲ್ಲಿದ್ದರು. ಗೌಡರು, ತೆಂಗಿನ ತೋಟದವರು, ಮಾತಿಗೆ ಕಡಿಮೆಯಿಲ್ಲ. ಗೌಡರು ಚಾಚಾ ಅವರನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

“ಏನ್ ಸಾಬ್ರೇ, ಬರೆಯೋದು ಮಾರುದ್ದ, ಆಳು ನೋಡುದ್ರೆ ಇಷ್ಟೇಯಾ?” ಎಂದರು ಗೌಡರು.

“ಗೂಡು ಗುಂಡಗಿದ್ರೆ ಸಾಕು ಗೌಡ್ರೇ, ನೂಲು ಉದ್ದ ಇರ್ಬೇಕು,” ಎಂದರು ಚಾಚಾ.

“ಹಂಗಾದ್ರೆ ನಮ್ ಪೇಪರಣ್ಣ ಯಾವ್ ಗೂಡು?” ಎಂದು ಗೌಡರು ನನ್ನ ಕಡೆ ನೋಡಿದರು.

“ಸಾರ್ ಗೂಡಲ್ಲ. ಕತ್ರಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿಳಿದು ಮರದವರೆಗೆ ಬರುವಷ್ಟರಲ್ಲಿ ಚಾಚಾ ಎರಡು ಕಡೆ ನಿಂತಿದ್ದರು. ಚೀಲವನ್ನು ನೆಲಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಏನೋ ನೋಡುವವರಂತೆ ರಸ್ತೆ ನೋಡಿದ್ದರು. ಕೇಳಿದ್ದಕ್ಕೆ “ಬಿಸಿಲು ಸಾರ್” ಎಂದಿದ್ದರು. ಅವತ್ತು ಮೋಡ ಕವಿದಿತ್ತು. ಅದನ್ನು ಗಮನಿಸಿದ್ದೆ ಎನ್ನುವುದು ನನಗೆ ನೆನಪಿದೆ. ಆಮೇಲೆ ಏನೂ ಕೇಳಲಿಲ್ಲ.

ಜನವರಿಯ ಆ ಪ್ರಶ್ನೆಯೂ ‘ನಮ್ಮ ಕಡೆಯವರೊಬ್ಬರಿಗೆ’ ಎಂದೇ ಶುರುವಾಗಿತ್ತು. ರೀಲಿಂಗ್ ಮಾಡುವವರು, ಎದೆ ಕಟ್ಟುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ, ಆಸ್ಪತ್ರೆಗೆ ತೋರಿಸಿಯಾಗಿದೆ… ಅಷ್ಟು ಓದಿದೆ. ಸುದ್ದಿಮನೆಯಲ್ಲಿ ಮುಖ್ಯವಾದದ್ದು ಮೊದಲ ಎರಡು ವಾಕ್ಯಗಳಲ್ಲಿ ಇರಬೇಕು. ಜಾಗ ಸಾಲದಿದ್ದರೆ ಕತ್ತರಿ ಹಾಕುವುದು ಬಾಲಕ್ಕೆ. ಹದಿನಾಲ್ಕು ವರ್ಷ ಅದನ್ನೇ ಮಾಡಿದ ಕಣ್ಣು ನನ್ನದು. ಇದು ಚನ್ನಪಟ್ಟಣದ ಹೆಂಗಸಿನ ಪ್ರಶ್ನೆಯೇ ಎಂದುಕೊಂಡೆ. ಮುಚ್ಚಿದೆ. ಹಳೆಯ ಉತ್ತರ ಎಲ್ಲಿದೆಯೆಂದು ಕೆಳಗೆ ತೋರಿಸಿದೆ. ಆ ಉತ್ತರ ಚಾಚಾ ಅವರದೇ ಎಂಬುದು ಗೊತ್ತಿತ್ತು. ಮರೆತಿರಬೇಕು ಎಂದುಕೊಂಡೆ. ಮುಚ್ಚಿದ ಪ್ರಶ್ನೆಗೆ ಬೇರೆಯವರು ಉತ್ತರಿಸಲು ಆಗುತ್ತಿರಲಿಲ್ಲ.

ಮರುದಿನ ಅವರಿಂದ ನನಗೊಂದು ಮೇಲ್ ಬಂತು. ‘ಆಯ್ತು ಸಾರ್’ ಎಂದಿತ್ತು.

ಆಮೇಲೂ ಮೂರು ನಾಲ್ಕು ಉತ್ತರ ಬರೆದರು. ಚಿಕ್ಕ ಉತ್ತರಗಳು. ಫೆಬ್ರವರಿ ನಡುವಿನಿಂದ ಅವೂ ನಿಂತವು. ಹಾರೋಹಳ್ಳಿಯ ಹುಡುಗಿ ಅಷ್ಟರಲ್ಲಿ ಮದುವೆಯಾಗಿ ಮಾಗಡಿ ಕಡೆ ಹೋಗಿದ್ದಳು. ಅಲ್ಲಿಂದಲೇ ‘ಚಾಚಾ ಎಲ್ಲಿ? ಮುದ್ದೆ ಸರಿಯಾಯ್ತು ಅಂತ ಹೇಳ್ಬೇಕಿತ್ತು’ ಎಂದು ಬರೆದಳು. ಯಾರೂ ಉತ್ತರಿಸಲಿಲ್ಲ. ಮಾರ್ಚಿನಲ್ಲಿ ನಾನು ಗೂಡಿನ ಮಾರುಕಟ್ಟೆಗೆ ಹೋಗಿ, ಅವರ ಜೊತೆ ಹರಾಜಿಗೆ ನಿಲ್ಲುತ್ತಿದ್ದ ಇನ್ನೊಬ್ಬ ರೀಲರನ್ನು ಕೇಳಿದೆ.

“ಹೋಗಿ ಹನ್ನೆರಡು ದಿನ ಆಯ್ತಲ್ಲ ಸಾರ್,” ಎಂದರು ಅವರು. “ಪೇಪರ್ನೋರು ನೀವು, ನಿಮ್ಗೇ ಗೊತ್ತಿಲ್ವಾ?”

ಅವರೇ ಮನೆ ತೋರಿಸಿದರು. ಚಾಚಾ ಮನೆಗೆ ನಾನು ಹೋದದ್ದು ಅದೇ ಮೊದಲು. ಬೀದಿಯ ಬಾಗಿಲು ತೆರೆದರೆ ನೇರ ರೀಲಿಂಗ್ ಕೋಣೆ. ಬಿಸಿನೀರಿನ ತೊಟ್ಟಿಗಳು ಒಣಗಿದ್ದವು. ಅದರ ಒಳಗಿಂದಲೇ ದಾಟಿ ಹೋದರೆ ಇನ್ನೊಂದು ಕೋಣೆ. ಅಡುಗೆ, ಊಟ, ನಿದ್ದೆ ಎಲ್ಲವೂ ಅಲ್ಲೇ. ನಡುವೆ ಎದೆಯೆತ್ತರದ ಗೋಡೆ, ಮೇಲೆ ಸೂರಿನವರೆಗೆ ಖಾಲಿ.

ಚಾಚಾ ಅವರ ಹೆಂಡತಿ ಗೋಡೆಯಾಚೆ, ಕಾಣದಂತೆ ನೆಲಕ್ಕೆ ಕುಳಿತು ಮಾತಾಡಿದರು. ಇದ್ದತ್ತಿನ ದಿನಗಳು, ಗಂಡ ತೀರಿಕೊಂಡ ಮೇಲೆ ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ನೆರೆಯ ಅಜ್ಜಿಯೊಬ್ಬರು ನನಗೆ ಚಹಾ ತಂದಿಟ್ಟರು.

“ಪೇಪರ್ ಸಾರ್ ನೀವೇನಾ ಭಾಯ್? ಊಟಕ್ ಕೂತಾಗೆಲ್ಲ ನಿಮ್ ಬಳಗದ್ ಮಾತೇ,” ಎಂದರು ಗೋಡೆಯಾಚೆಯಿಂದ. “ಡಾಕ್ಟ್ರು ಎರಡು ತಿಂಗಳು ಆವಿ ಸೋಕದ ಕಡೆ ಇರಿ ಅಂದಿದ್ರು. ಎಲ್ಲಿಗೆ ಹೋಗೋದು? ನಮ್ ನೆಂಟರ ಮನೆಗಳೆಲ್ಲ ಹಿಂಗೇ. ಬಳಗದಲ್ಲಿ ಕೇಳ್ತೀನಿ, ಯಾರಾದ್ರೂ ಇರ್ತಾರೆ ಅಂದ್ರು ಇವ್ರು.”

ನಾನು ಚಹಾ ಲೋಟವನ್ನು ಕೆಳಗಿಟ್ಟೆ.

“ಸೆಂಟರಿಂದ ಬಂದು ನಕ್ಕರು. ನಾನ್ ಬರೆದಿದ್ದನ್ನ ನನಗೇ ಓದೋಕ್ ಕೊಟ್ಟವ್ರೆ ಅಂತ. ನಕ್ಕಿದ್ದಕ್ಕೆ ಕೆಮ್ಮು ಹತ್ಕೊಂತು. ಇನ್ನೊಂದ್ ಸಲ ಕೇಳಿ ಅಂದೆ ಭಾಯ್. ಬೇಡ, ಕೇಳಿದ್ದನ್ನೇ ಕೇಳಬಾರದು ಅಂತ ಸಾರ್ ನಿಯಮ ಮಾಡವ್ರೆ, ನಾನೇ ಮುರಿದ್ರೆ ಚೆನ್ನಾಗಿರಲ್ಲ ಅಂದ್ರು.”

ಅಲ್ಲಿಂದ ನೇರ ಸೆಂಟರಿಗೆ ಹೋದೆ. ಪ್ರಶ್ನೆ ತೆರೆದೆ. ಹನ್ನೊಂದು ಸಾಲಿತ್ತು. ಕೊನೆಯ ಮೂರು ಸಾಲು ಹೀಗಿದ್ದವು: ‘ಇವರಿಗೆ ಮನೆಯೂ ಅದೇ, ಕೆಲಸವೂ ಅದೇ. ಎರಡು ತಿಂಗಳ ಮಟ್ಟಿಗೆ ಮಲಗಲು ಆವಿ ಇಲ್ಲದ ಒಂದು ಕೋಣೆ ಬೇಕು. ನಮ್ಮ ಬಳಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಇದು ನನಗೇ.’

ನನಗೇ ಎಂಬ ಪದವನ್ನು ಬಹಳ ಸಲ ಓದಿದೆ…

ಸೋಲೂರಿನ ಗೌಡರಿಗೆ ಫೋನ್ ಮಾಡಿ ಆ ಸಾಲುಗಳನ್ನು ಓದಿ ಹೇಳಿದೆ.

“ನಮ್ ತ್ವಾಟದಾಗೆ ಎಲ್ಡು ರೂಮು ಖಾಲಿ ಬಿದ್ದೈತೆ ಕಣಣ್ಣ,” ಎಂದರು. “ಕಾಯಿ ಗುಡ್ಡೆ ಹಾಕಿದ್ದೆ. ಒಂದ್ ಮಾತು ಅಂದಿದ್ರೆ ಅವತ್ತೇ ತೆಗೆಸಿ, ಸುಣ್ಣ ಹೊಡ್ಸಿ ಕೊಡ್ತಿದ್ದೆ. ಮನೇಲೇ ಹಾಲು ಐತೆ, ಗಾಳಿ ಐತೆ. ಎಲ್ಡು ತಿಂಗ್ಳಲ್ಲ, ಎಲ್ಡು ವರ್ಸ ಇರ್ಲಿ.”

“ನೀವು ಅವತ್ತು ನೋಡಲಿಲ್ವಾ?” ಎಂದೆ.

“ನೋಡ್ದೆ. ಮುಚ್ಚೈತೆ ಅಂತ ಇತ್ತು. ಪೇಪರಣ್ಣ ಮುಚ್ಚವ್ನೆ ಅಂದ್ಮೇಲೆ ಉತ್ರ ಸಿಕ್ಕಿರ್ತದೆ ಅಂತ ಬುಟ್ಬುಟ್ಟೆ.”

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುತ್ತೇವೆ. ಬಳಗದ ಪುಟದಲ್ಲೂ ಹಾಕಿದೆ. ಚಾಚಾ ತೀರಿಕೊಂಡರು, ಜನವರಿಯಲ್ಲಿ ಮುಚ್ಚಿದ ಅವರ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಪ್ರಶ್ನೆಯನ್ನು ಪೂರ್ತಿ ಓದದೆ ಮುಚ್ಚಿದವನು ನಾನು ಎಂದು ಬರೆದೆ. ಹನ್ನೊಂದು ಸಾಲನ್ನೂ ಕೆಳಗೆ ಕೊಟ್ಟೆ. ಬಹಳ ಜನ ಬರೆದರು. ಬೈದವರು ಇಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು. ಮಾಗಡಿಗೆ ಹೋಗಿದ್ದ ಹುಡುಗಿ ಒಂದೇ ಸಾಲು ಬರೆದಳು: ‘ನಾನು ಅವರನ್ನ ಒಂದು ದಿನಾನೂ, ನೀವು ಹೇಗಿದ್ದೀರಿ ಅಂತ ಕೇಳಿರ್ಲಿಲ್ಲ ಸಾರ್.’ ನಾನೂ ಕೇಳಿರಲಿಲ್ಲ. ಕೆಂಗಲ್ಲಿನಲ್ಲಿ ಕೇಳಿದ್ದು ಬಿಸಿಲಿನ ಉತ್ತರಕ್ಕೆ ನಿಂತುಹೋಗಿತ್ತು.

ಎರಡನೆಯ ನಿಯಮವನ್ನು ಅವತ್ತೇ ತೆಗೆದುಹಾಕಿದೆ. ಬಳಗ ಇನ್ನೂ ಎರಡು ವರ್ಷ ನಡೆಯಿತು. ಒಂದೇ ಪ್ರಶ್ನೆ ಐದಾರು ಸಲ ಬಂದರೂ ಐದಾರು ಸಲ ಉತ್ತರ ಬರೆದೆವು. ಆಮೇಲೆ ಜನರ ಕೈಗೆ ಇಂಟರ್‌ನೆಟ್ ಇರುವ ಫೋನುಗಳು ಬಂದವು, ಬರುವವರು ಕಡಿಮೆಯಾದರು. ಆ ತಾಣವನ್ನು ನಡೆಸುತ್ತಿದ್ದವರು ಅದನ್ನು ಮುಚ್ಚಿದಾಗ ನಮ್ಮ ಪುಟವೂ ಹೋಯಿತು. ಚಾಚಾ ಬರೆದ ಉತ್ತರಗಳಲ್ಲಿ ನನ್ನ ಹತ್ತಿರ ಉಳಿದಿರುವುದು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡ ನಲವತ್ತು ಚಿಲ್ಲರೆ ಮಾತ್ರ. ಮಿಕ್ಕವು ಎಷ್ಟಿದ್ದವು ಎಂದು ನಾನು ಎಣಿಸಿಟ್ಟಿರಲಿಲ್ಲ.

ಕಳೆದ ತಿಂಗಳು ಆ ಮನೆಯ ಬಾಗಿಲಿಗೂ ಹೋದೆ. ಚಾಚಾ ಅವರ ಹೆಂಡತಿ ಬಹಳ ಹಿಂದೆಯೇ ಚನ್ನಪಟ್ಟಣದ ತಮ್ಮನ ಮನೆಗೆ ಹೋದರಂತೆ. ಈಗ ಮನೆಯನ್ನು ಬಾಡಿಗೆಗೆ ಪಡೆದಿರುವವರು ಕನಕಪುರ ಕಡೆಯ ಒಬ್ಬ ರೀಲರು. ತೊಟ್ಟಿಗಳು ಹೊಸವು, ನೆಲಕ್ಕೆ ಸಿಮೆಂಟು ಹಾಕಿಸಿದ್ದಾರೆ. ನಡುವಿನ ಗೋಡೆ ಈಗಲೂ ಎದೆಯೆತ್ತರವೇ. ಬಾಡಿಗೆದಾರರು, ಅವರ ಹೆಂಡತಿ, ಮೂವರು ಮಕ್ಕಳು ಒಳಗಿನ ಕೋಣೆಯಲ್ಲಿ ಮಲಗುತ್ತಾರೆ.