ಉಗಿಯಲ್ಲಿ ಎಳೆದ ಟೊಪ್ಪಿಗೆ

ಇದನ್ನು ನೀವು ನಂಬುವುದಿಲ್ಲ. ನಂಬಿದಿರೋ, ನಿಮ್ಮಂಥ ಭೋಳೆ ಜನ ಬೆಳಗಾವಿಯಲ್ಲೇ ಇಲ್ಲ ಎಂದು ತಿಳಿಯುತ್ತೇನೆ.

ನಿನ್ನೆ ಕ್ಯಾಂಪಿನ ಚಹಾದಂಗಡಿಯಲ್ಲಿ ಯಾರೋ ಮಳೆಗೆ ತೊಯ್ದ ಕರಿ ಟೊಪ್ಪಿಗೆಯನ್ನು ಒಲೆಯ ಬಾಜುವಿಗೆ ಒಣಗಲು ಇಟ್ಟಿದ್ದರು. ಇಡೀ ಕುರಿಯನ್ನೇ ಚಹಾದಲ್ಲಿ ಕುದಿಸಿದಂಥ ವಾಸನೆ. ಮೂಗಿಗೆ ಹತ್ತಿದ್ದೇ ತಡ, ಖಾನಾಪುರದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಟೊಪ್ಪಿಗೆ ಕಾಕಾ ನೆನಪಾದರು...

ಕಾಕಾನ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಅಂಗಡಿಯ ತುಂಬ ಉಣ್ಣೆಯ ಟೊಪ್ಪಿಗೆಗಳು, ಎಲ್ಲವೂ ತೆಂಗಿನ ಚಿಪ್ಪಿನಷ್ಟೇ. ಆದರೆ ಎಂಥ ಕುಂಬಳಕಾಯಿ ತಲೆಯವನು ಬಂದರೂ ಬರಿತಲೆಯಲ್ಲಿ ಮರಳುತ್ತಿರಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚುತ್ತಿತ್ತು, ಸಂದಿಯಿಂದ ಉಗಿ ಬರುತ್ತಿತ್ತು. ಬಾಗಿಲು ತೆರೆದಾಗ ಟೊಪ್ಪಿಗೆ ಬೆಳೆದಿರುತ್ತಿತ್ತು. ಒಳಗೆ ಭೂತವಿದೆ ಎಂದು ಗೆಳತಿಯರಿಗೆಲ್ಲ ಸಾರಿದ್ದೆ. ಸಾಲೆಗೆ ಹೋಗುವ ಹುಡುಗಿ ಹೇಳಿದ್ದೆಂದು ಅರ್ಧ ಓಣಿ ನಂಬಿಯೂ ಬಿಟ್ಟಿತ್ತು.

ಅಕ್ಕನ ಮದುವೆಯಲ್ಲಿ ಬೀಗರಿಗೆ ಉಡುಗೊರೆ ಕೊಡಲು ಅಪ್ಪ ಅಲ್ಲಿಂದಲೇ ಟೊಪ್ಪಿಗೆ ತಂದರು. ಬೇಡವೆಂದೆ. ನನ್ನನ್ನೇ ಗದರಿದರು.

ಗಂಡಿನ ಕಡೆಯ ದೊಡ್ಡಪ್ಪನಿಗೆ ತಲೆಗಿಂತ ಹೊಟ್ಟೆ ದೊಡ್ಡದು. ಹೊಸ ಟೊಪ್ಪಿಗೆ ಇಟ್ಟುಕೊಂಡವರೇ ಅಡುಗೆಯ ಚಪ್ಪರಕ್ಕೆ ನಡೆದರು. ಅನ್ನ ಬಸಿಯುತ್ತಿದ್ದ ಕೊಪ್ಪರಿಗೆಯ ಮೇಲೆ ಬಾಗಿ, ವಾಸನೆಯಲ್ಲೇ ಅರ್ಧ ಊಟ ಮುಗಿಸಿದರು. ಉಗಿಯೆಲ್ಲ ತಲೆಗೇ ಬಡಿಯಿತು. ಮಂಟಪಕ್ಕೆ ಮರಳುವಷ್ಟರಲ್ಲಿ ಟೊಪ್ಪಿಗೆ ಕುಗ್ಗಿ, ಕಲ್ಲಂಗಡಿಯ ಮೇಲೆ ಲಿಂಬೆಹಣ್ಣು ಇಟ್ಟಂತೆ ಕಾಣುತ್ತಿತ್ತು. ನಾನು ನಕ್ಕೆ. ನಗಬಾರದಿತ್ತು.

"ಏನ್ರಿ ಬೀಗರ, ಮಾಟಾ ಮಾಡ್ಸಿ ಕೊಟ್ಟೀರೇನು?" ಎಂದರು ದೊಡ್ಡಪ್ಪ. "ಏಳ್ರೋ. ಈ ಮನ್ಯಾಗ ತಾಳಿ ಕಟ್ಟೂದು ಬ್ಯಾಡ."

ಗಂಡಿನವರು ಎದ್ದೇ ಬಿಟ್ಟರು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಅಕ್ಕ ಮಣೆಯಿಂದ ಅರ್ಧ ಎದ್ದಳು. ಅಪ್ಪ ನೆಲ ನೋಡುತ್ತ ನಿಂತಿದ್ದರು. ಆಗ ಜನರ ನಡುವಿನಿಂದ ಕಾಕಾ ಮುಂದೆ ಬಂದರು.

"ಮಾಟಾ ಅಲ್ಲರಿ, ಟೊಪ್ಪಿಗಿ ನಂದು. ಸಣ್ಣದು ತಂದು ಉಗಿಯೊಳಗ ಎಳದು ದೊಡ್ಡದು ಮಾಡೇನಿ. ಮತ್ತ ಉಗಿ ಬಡದ್ರ ಉಣ್ಣಿ ತನ್ನ ಹಳೀ ಅಳತಿಗೇ ಹೊಕ್ಕತಿ."

ಯಾರೂ ನಂಬಲಿಲ್ಲ. ಕಾಕಾ ಅಂಗಡಿಯಿಂದ ತಲೆಯಾಕಾರದ ಮರದ ಅಚ್ಚು ತರಿಸಿದರು. ಅದೇ ಟೊಪ್ಪಿಗೆಯನ್ನು ಅದೇ ಕೊಪ್ಪರಿಗೆಯ ಉಗಿಗೆ ಹಿಡಿದು, ಅಚ್ಚಿನ ಮೇಲೆ ಎಳೆಯತೊಡಗಿದರು. ಗಡಿಬಿಡಿಯಿಂದ ಎಳೆದರೆ ಹರಿಯುತ್ತದೆ, ಪುಸಲಾಯಿಸುತ್ತ ಎಳೆದರೆ ಬರುತ್ತದೆ, ಆಮೇಲೆ ಅಚ್ಚಿನ ಮೇಲೆಯೇ ತಣಿಯಬೇಕು ಎಂದು ಹೇಳುತ್ತ ಹೋದರು. ತಣಿದ ಟೊಪ್ಪಿಗೆ ದೊಡ್ಡಪ್ಪನ ಕಿವಿಯ ತನಕ ಇಳಿಯಿತು. ಅವರು ತಲೆ ಮುಟ್ಟಿ ಮುಟ್ಟಿ ನೋಡಿಕೊಂಡು ಕೊನೆಗೆ ನಕ್ಕರು. ಅಕ್ಕನ ಕೊರಳಿಗೆ ತಾಳಿ ಬಿತ್ತು.

ಆದರೆ ಹಿಂದಿನಿಂದ ಯಾರೋ ಅಂದರು: "ಹಂಗಾರ ಕಾಕಾ, ಇಷ್ಟ ದಿವಸ ಕೂಸಿನ ಟೊಪ್ಪಿಗಿ ಜಗ್ಗಿ ನಮ್ಮ ತಲಿಗೆ ಹಾಕೀಯಲ್ಲ."

ಅವತ್ತಿನಿಂದ ಆ ಅಂಗಡಿಯ ಮೆಟ್ಟಿಲು ಯಾರೂ ಹತ್ತಲಿಲ್ಲ. ಸ್ವಲ್ಪ ದಿನಕ್ಕೆ ಬಾಗಿಲು ಮುಚ್ಚಿತು. ಕಾಕಾ ತಂಗಿಯ ಊರಿಗೆ ಹೋದರಂತೆ. ಈ ಮಳೆಗಾಲದಲ್ಲಿ ಅಲ್ಲಿಯೇ ತೀರಿಹೋದರೆಂದು ಸುದ್ದಿ ಬಂತು... ಅಂತೂ ನನ್ನ ಸಂಶಯ ಖರೆ ಆಯಿತು, ಮೋಸಗಾರ ಸಿಕ್ಕಿಬಿದ್ದ ಎಂದು ಇಲ್ಲಿಗೆ ಮುಗಿಸುವವಳಿದ್ದೆ.

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ಏನು ಬರೆದು ನಗುತ್ತಿದ್ದೀ ಎಂದರು. ಎಲ್ಲೆಲ್ಲಿ ನಗಬೇಕೋ ಅಲ್ಲಲ್ಲಿ ದನಿ ಏರಿಸಿ ಓದಿ ತೋರಿಸಿದೆ. ಅಪ್ಪ ನಗಲಿಲ್ಲ.

"ಅಂವ ನನಗ ಎಲ್ಲಾ ಹೇಳೇ ಕೊಟ್ಟಿದ್ದ, ಯವ್ವಾ. ಜಗ್ಗಿದ್ದು ಐತಿ, ಉಗಿ ತಾಗಸಬ್ಯಾಡ್ರಿ ಅಂದಿದ್ದ. ಅಗ್ಗ ಅಂತ ನಾನ ತೊಗೊಂಡ ಬಂದೆ. ಅವತ್ತ ಮಂದಿ ಮುಂದ ಅಂವ ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ."

ಮತ್ತೆ ನನ್ನ ಕೈಯೊಳಗಿನ ಲೇಖನಿಯನ್ನು ತೆಗೆದು ಪಕ್ಕಕ್ಕಿಟ್ಟರು.