ಅಣ್ಣ ಬಿಟ್ಟುಹೋದ ಬೈರಿಗೆಗಳು

ವಿಶಾಖಪಟ್ಟಣದ ಮಧುರವಾಡದ ಫ್ಲ್ಯಾಟಿಗೆ ನಾವು ಬಂದ ಹೊಸತರಲ್ಲಿ ಒಂದು ರವಿವಾರ ಅಣ್ಣ ಬೈರಿಗೆಗಳ ಪೆಟ್ಟಿಗೆ ಹೊತ್ತು ಬಂದ. ಅದೇ ಊರಲ್ಲಿ ನೌಕಾಪಡೆಯ ಹಡಗು ರಿಪೇರಿ ಅವನ ಕೆಲಸ. ಧಾರವಾಡ ಬಿಟ್ಟು ಬಂದ ನನಗೆ ಇಲ್ಲಿ ತವರೆಂದರೆ ಅವನೇ.

ಗೋಡೆಗೆ ಹ್ಯಾಮರ್ ಡ್ರಿಲ್ ಹಿಡಿದ. ಅದು ತಿರುಗುತ್ತಲೇ ಬಡಿಯುತ್ತದೆ, ಕಾಂಕ್ರೀಟು ಹಿಟ್ಟಾಗಿ ಉದುರುತ್ತದೆ. ಬಚ್ಚಲಿಗೆ ಬಂದಾಗ ಬ್ಯಾಟರಿಯ ಸಣ್ಣ ಡ್ರಿಲ್ಲಿಗೆ ಈಟಿಯಂಥ ಮೊನೆಯ ಬಿಟ್ ಹಾಕಿ, ನನ್ನ ಕೈಗೆ ನೀರಿನ ಚೊಂಬು ಕೊಟ್ಟ.

“ನೋಡವಾ, ಟೈಲ್ಸಿಗೆ ಬಡೀಬಾರದು. ನೀರ ಬಿಡಕೋತ ಸಾವಕಾಶ ತಿರುಗಿಸಬೇಕು. ಅವಸರ ಮಾಡಿದ್ರ ಸೀಳತೈತಿ.”

ದೇವರ ಮಂಟಪದ ತೇಗಕ್ಕೆ ಮಾತ್ರ ಅಪ್ಪನ ಕಾಲದ, ಕೈಯಿಂದ ತಿರುಗಿಸುವ ಬೈರಿಗೆ. “ಎಲ್ಲಿ ನಿಲ್ಲಸಬೇಕು ಅನ್ನೂದು ಇದರಾಗ ಕೈಗೇ ಗೊತ್ತಾಕ್ಕೈತಿ,” ಎಂದ.

ಪರದೆಗಾಗಿ ಕಿಟಕಿಯ ಮೇಲಿನ ಕಾಂಕ್ರೀಟು ತೊಲೆ ಕೊರೆಯುವಾಗ ಒಳಗಿನ ಕಬ್ಬಿಣದ ಕಂಬಿ ತಾಗಿ ಬಿಟ್ ಮೊಂಡಾಯಿತು. ಮುಂದಿನ ವಾರ ಬೇರೆ ತರುತ್ತೇನೆಂದು ಪೆಟ್ಟಿಗೆ ಇಲ್ಲೇ ಬಿಟ್ಟು ಹೋದ. ಆ ವಾರ ಬರುವ ಮೊದಲೇ ದುವ್ವಾಡದ ಬಳಿ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಅಣ್ಣ ಅಲ್ಲೇ ಹೋದ.

ಕ್ರಿಯೆ ಮುಗಿಸಿ ಊರಿಂದ ಮರಳಿದ ಮೇಲೆ ಮಧ್ಯಾಹ್ನಗಳಲ್ಲಿ ಮೇಲಿಂದ ಡ್ರಿಲ್ಲಿನ ಸದ್ದು ಶುರುವಾಯಿತು. ಮೊದಲು ಬಡಿತ, ಆಮೇಲೆ ಕಂಬಿಗೆ ತಾಗಿದಂಥ ಕಿರುಚು. ವಾಚ್‌ಮನ್‌ನನ್ನು ಕೇಳಿದೆ. “ಪೈನ ಎವರೂ ಲೇರಮ್ಮಾ,” ಎಂದ. ಮೇಲೆ ಯಾರೂ ಇಲ್ಲ, ಆ ಮನೆ ಖಾಲಿ. ಪಕ್ಕದ ಬ್ಲಾಕಿನ ಸದ್ದು ಕಂಬಗಳೊಳಗಿಂದ ಬರುತ್ತದೆ ಎಂದು ಗಂಡ ವಿವರಿಸಿದರು. ಇರಬಹುದು ಎಂದೆ. ಆದರೆ ಇಲ್ಲೇ ಬೆಳೆದು ಕನ್ನಡಕ್ಕಿಂತ ತೆಲುಗೇ ಸಲೀಸಾಗಿದ್ದ ಮಗಳು ಆ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದಳು. “ಅಮ್ಮಾ, ಮಾವಯ್ಯ ವಚ್ಚಾಡು!” ಮಾಮ ಬಂದ ಎಂದು. ಅವಳನ್ನು ತಡೆಯಬೇಕಿದ್ದ ನಾನೂ ಹಿಂದೆಯೇ ಹೋಗಿ ಬಾಗಿಲು ತೆರೆದು ನೋಡುತ್ತಿದ್ದೆ.

ಗಂಡನಿಗೆ ವಿಜಯವಾಡಕ್ಕೆ ವರ್ಗವಾಯಿತು. ಪೆಟ್ಟಿಗೆ ಕಳಿಸಲೇ ಎಂದು ಅಣ್ಣನ ಹೆಂಡತಿಗೆ ಫೋನ್ ಮಾಡಿದೆ. “ನಿನ್ನ ಹತ್ರನ ಇರಲಿ. ನನಗ ಆ ಸಪ್ಪಳ ತಡಿಯೂದಿಲ್ಲ,” ಎಂದರು ವೈನಿ.

ಹೊಸ ಮನೆಯ ಬಚ್ಚಲಲ್ಲಿ ಕನ್ನಡಿ ಹಾಕಬೇಕಿತ್ತು. ಗಂಡ ಆಫೀಸಿನಲ್ಲಿ, ಮಗಳು ಶಾಲೆಯಲ್ಲಿ. ಮೊದಲ ಸಲ ನಾನೇ ಡ್ರಿಲ್ ಹಿಡಿದೆ. ನುಣುಪು ಟೈಲ್ಸಿನ ಮೇಲೆ ಮೊನೆ ಜಾರಿತು. ಇನ್ನೊಮ್ಮೆ ಒತ್ತಿದಾಗ, ಯಾರೋ ಮೊಣಕೈಗೆ ಆನಿಕೆ ಕೊಟ್ಟ ಹಾಗೆ, ಅದು ನೆಟ್ಟಗೆ ನಿಂತು ಒಳಗಿಳಿಯಿತು. ಟೈಲ್ಸು ಸೀಳಲಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ. ಯಜಮಾನರು ಮಲಗಿದ್ದಾರೆ, ಸ್ವಲ್ಪ ನಿಲ್ಲಿಸುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರು. ಮುಗಿಯಿತು ಎಂದೆ. ಅವರು ನನ್ನ ಹಿಂದೆ ಇಣುಕಿದರು.

“ಎವರೈನಾ ವಚ್ಚಾರಾ ಅಮ್ಮಾ?” ಯಾರಾದರೂ ಬಂದಿದ್ದಾರಾ? ಯಾರೋ ಗಂಡಸು ನಿಮ್ಮ ಭಾಷೆಯಲ್ಲಿ ಹೇಳಿಕೊಡುತ್ತಿದ್ದುದು ಬಚ್ಚಲ ಕಿಟಕಿಯಿಂದ ಕೇಳಿಸಿತು ಎಂದರು.

ನಾನೇ ಮಾತಾಡಿಕೊಂಡಿರಬೇಕು ಎನ್ನಲು ಬಾಯಿ ತೆರೆದೆ. ಬೆನ್ನ ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

“ಹೌದು, ಅಣ್ಣ,” ಎಂದೆ.

“ಊಟ ಮಾಡಿಸಿಯೇ ಕಳಿಸಮ್ಮಾ, ಹೊರಗೆ ಬಿಸಿಲು ಸುಡುತ್ತಿದೆ,” ಎಂದು ಹೇಳಿ ಅವರು ಮೆಲ್ಲಗೆ ಮೆಟ್ಟಿಲಿಳಿದರು.