ಎಡಕ್ಕ, ಏಡಕ್ಕಾ

ಚೌಕಾಸಿಗೆ ಕೂತವರು ಒಂದೇ ಮಾತಿಗೆ ಇಳಿದುಬಿಟ್ಟರೆ ಖುಷಿಪಡಬೇಡಿ, ಸೀರೆಯ ಮಡಿಕೆ ಬಿಚ್ಚಿ ನೋಡಿ. ಎಲ್ಲೋ ಒಂದು ಎಳೆ ಹೋಗಿರುತ್ತದೆ. ನಾರಾಯಣಪೇಟೆಯಲ್ಲಿ ಸೀರೆ ಗಂಟು ಹೊತ್ತು ಮನೆಮನೆ ತಿರುಗಿ, ಆಮೇಲೆ ಸ್ವಂತ ಅಂಗಡಿ ಹಾಕಿದವಳು ನಾನು. ಈ ಪಾಠ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಗದ್ವಾಲದಲ್ಲಿ ಆ ಬಾಡಿಗೆ ಕಾರಿನವನು ತಕರಾರಿಲ್ಲದೆ ಒಪ್ಪಿದಾಗಲೇ ನನಗೆ ಒಳಗೆ ಏನೋ ಚುಚ್ಚಿತು.

ತೆಲಂಗಾಣ ರಾಜ್ಯವಾದ ಹೊಸದು. ಗದ್ವಾಲಕ್ಕೆ ಕೊಟ್ಟ ಮಗಳಿಗೆ ಏಳನೇ ತಿಂಗಳು. ಹಿಂದೆ ಒಂದು ಸಲ ನಿಲ್ಲದೆ ಹೋಗಿತ್ತು. ಸೀಮಂತದ ಕುಬಸ ಮುಗಿಸಿ ತವರಿಗೆ ಕರೆದೊಯ್ಯುವಾಗ ಬೀಗತಿ ಬಾಗಿಲ ತನಕ ಬಂದು, "ಕಾಜಿನ ಭರಣಿ ಒಯ್ದಂಗ ಒಯ್ರಿ" ಅಂದಿದ್ದಳು.

"ಕೂಸೋ ಅಕ್ಕಾ, ಜಲ್ದಿ ಕೂಸೋ" ಎಂದು ಕಾರಿನವನು ಬಾಗಿಲು ತೆಗೆದ. ತೆಲುಗಿನಲ್ಲಿ ಕುಳಿತುಕೋ ಅಂತ.

ಮಗಳು ನಕ್ಕಳು. "ಹೊಟ್ಯಾಗ ಕೂಸು ಐತಿ ಅಂತ ಇವಗೂ ಗೊತ್ತಾತೇನಬೇ?"

ನಮ್ಮ ಕಡೆ ಹಾಗೆಯೇ. ಒಂದೇ ಸದ್ದು ಎರಡು ಭಾಷೆಯಲ್ಲಿ ಎರಡು ಅರ್ಥ. ಗಿರಾಕಿ ತೆಲುಗಿನವರಾದರೆ ತೆಲುಗು, ಉರ್ದುವಿನವರಾದರೆ ಉರ್ದು. ನಾಲಿಗೆ ಹೊರಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

ಮುಂದಿನ ಗಾಜಿಗೆ ಹೊಸ ರಾಜ್ಯದ ನಕ್ಷೆಯ ದೊಡ್ಡ ಸ್ಟಿಕ್ಕರು ಅಂಟಿಸಿದ್ದ. ಅರ್ಧ ರಸ್ತೆ ಅದರ ಹಿಂದೆ ಮುಚ್ಚಿಹೋಗಿತ್ತು. ಧರೂರು ದಾಟಿದ ಮೇಲೆ ಬಲಗಡೆ ಕಾಲುವೆ, ಎಡಗಡೆ ಭತ್ತದ ಗದ್ದೆ, ನಡುವೆ ಕಿರಿದಾದ ದಾರಿ. ಅವನಿಗೆ ಫೋನು ಬರುತ್ತಲೇ ಇತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಮೊಣಕೈ ಕಿಟಕಿಯ ಮೇಲೆ. ಸ್ಟೀರಿಂಗಿಗೆ ಉಳಿದಿದ್ದು ನಾಲ್ಕು ಬೆರಳು.

"ಮೆಲ್ಲಗಾ ಪೋನಿಯ್ ತಮ್ಮುಡೂ" ಎಂದು ನಿಧಾನ ಹೋಗಲು ತೆಲುಗಿನಲ್ಲೇ ಹೇಳಿದೆ.

"ರೋಡು ಇಪ್ಪುಡು ಮನದೇ ಕದಕ್ಕಾ!" ರಸ್ತೆ ಈಗ ನಮ್ಮದೇ ಅಲ್ಲವಾ ಎಂದು ನಕ್ಕ.

ಮಗಳು ನಗಲಿಲ್ಲ. ನನ್ನ ಸೆರಗು ಹಿಡಿದುಕೊಂಡಳು.

ಫೋನಿನಲ್ಲಿ ಮಾತಾಡುತ್ತ ಅವನು ಸ್ವಲ್ಪ ಸ್ವಲ್ಪವೇ ಬಲಕ್ಕೆ ಸರಿಯುತ್ತಿದ್ದ. ಎದುರಿನಿಂದ ಭತ್ತದ ಚೀಲ ಹೇರಿದ ಲಾರಿ ಬಂತು. ಹಾರನ್ ಹೊಡೆಯಿತು, ದೀಪ ಮಿಣುಕಿಸಿತು. ಇವನು ನೋಡಲಿಲ್ಲ. ಆಗ ನನ್ನ ತೆಲುಗು, ಉರ್ದು ಎಲ್ಲ ಎಲ್ಲಿ ಹೋದವೋ. ಹೆದರಿಕೆಗೆ ಹೆತ್ತವ್ವನ ಭಾಷೆ ಒಂದೇ ಗೊತ್ತು.

"ಎಡಕ್ಕ! ಎಡಕ್ಕ!" ಎಂದು ಕಿರುಚಿದೆ.

ಅವನು ಎಡಕ್ಕೆ ತಿರುಗಿಸಲಿಲ್ಲ. ಮುಖ ತಿರುಗಿಸಿದ. ಪೂರ್ತಿ ಹಿಂದಕ್ಕೆ, ನನ್ನ ಕಡೆಗೆ.

"ಏಡಕ್ಕಾ?" ಎಂದ. ತೆಲುಗಿನಲ್ಲಿ ಎಲ್ಲಿ, ಅಕ್ಕಾ ಅಂತ. ನಾವು ಎಲ್ಲೋ ಇಳಿಯುತ್ತೇವೆ ಅಂದುಕೊಂಡಿದ್ದ, ಪಾಪ. ಮರ್ಯಾದೆಯಿಂದ ಕೇಳುತ್ತಿದ್ದ ಆ ಮುಖ, ಅವನ ಹೆಗಲಾಚೆ ದೊಡ್ಡದಾಗುತ್ತ ಬರುತ್ತಿದ್ದ ಲಾರಿಯ ಮುಖ, ಎರಡನ್ನೂ ಒಟ್ಟಿಗೆ ನೋಡಿದೆ.

"ಲಾರೀ!" ಮಗಳು ಚೀರಿದಳು.

ಆ ಮಾತಿಗೆ ಎಲ್ಲ ಭಾಷೆಯಲ್ಲೂ ಒಂದೇ ಅರ್ಥ. ಅವನು ಹೊರಳಿ ಸ್ಟೀರಿಂಗು ಎಳೆದ. ಬಲಗಡೆಯ ಕನ್ನಡಿ ಚೂರಾಗಿ ಒಳಗೆ ಸಿಡಿಯಿತು. ಕಾರು ಗದ್ದೆಯ ಬದುವಿಗೆ ಮೂತಿ ಊರಿ ನಿಂತಿತು. ಲಾರಿ ನಿಲ್ಲಲಿಲ್ಲ.

"ಏಂ ಕಾಲೇದು ಕದಕ್ಕಾ" ಅಂದ ಅವನು. ಏನೂ ಆಗಲಿಲ್ಲವಲ್ಲ ಎಂದು. ತುಟಿ ಬಿಳಿಚಿತ್ತು.

ಮಗಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. "ಅವ್ವಾ, ಮಿಸುಕವಲ್ದು" ಎಂದಳು ಮೆಲ್ಲಗೆ. "ಬೆಳಿಗ್ಗಿಂದ ಒದೀತಿತ್ತು. ಈಗ ಮಿಸುಕವಲ್ದು."

ಆ ದಾರಿಯಲ್ಲಿ ಬೇರೆ ಗಾಡಿ ಇರಲಿಲ್ಲ, ಅದರಲ್ಲೇ ಹೋಗಬೇಕಿತ್ತು. ಅವನ ಫೋನು ಕಸಿದು ನನ್ನ ಚೀಲದೊಳಗೆ ಹಾಕಿ, ಮುಂದಿನ ಸೀಟಿಗೆ ಬಂದು ಕೂತೆ. ನೀವೂ ಹಾಗೇ ಮಾಡಿ. ಹೇಳಿದರೆ ಕೇಳದವನ ಕೈಯಿಂದ ಕಿತ್ತುಕೊಳ್ಳಬೇಕು. ಜುರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಕೆಳಗೆ ನೀರು ಸದ್ದಿಲ್ಲದೆ ನಿಂತಿತ್ತು. ಹಿಂದೆ ತಿರುಗಿ "ಈಗ?" ಎಂದು ಕಣ್ಣಲ್ಲೇ ಕೇಳುವೆ, ಅವಳು ತಲೆಯಾಡಿಸುವಳು, ಇಲ್ಲ.

ಮಕ್ತಲ್‌ನಲ್ಲಿ ಇಳಿದುಬಿಟ್ಟೆವು. ಅವಳನ್ನು ನೋಡುವ ಡಾಕ್ಟರಮ್ಮ ನಾರಾಯಣಪೇಟೆಯವಳು. ಬಸ್ಸು ಹೊರಡಲು ನಿಂತಿತ್ತು. ಅಷ್ಟರಲ್ಲೇ ಒಬ್ಬ, ಹೆಂಡತಿ ಮಕ್ಕಳೊಂದಿಗೆ ಬಂದು, ನಾರಾಯಣಪೇಟೆಗೇ ಹೋಗಲು ನಾವಿಳಿದ ಕಾರನ್ನೇ ಚೌಕಾಸಿ ಮಾಡತೊಡಗಿದ. ಡ್ರೈವರ್ ಒಂದೇ ಮಾತಿಗೆ ಇಳಿದ.

"ಈ ಗಾಡಿ ಬ್ಯಾಡ್ರಿ ಅಣ್ಣಾರ. ಕನ್ನಡಿ ನೋಡ್ರಿ, ಈಗಷ್ಟ ಲಾರಿಗೆ ಹೊಡೀತಿದ್ದ."

"ನಿಮಗಿಂತ ಸಸ್ತಾ ಸಿಕ್ತಂತ ಹೊಟ್ಟಿಕಿಚ್ಚೇನ್ರೀ ಅಕ್ಕಾರ?" ಎಂದು ಅವನು ಹೆಂಡತಿಯ ಕಡೆ ಕಣ್ಣು ಹೊಡೆದ. ಮಕ್ಕಳು ಆಗಲೇ ಹತ್ತಿ ಕೂತು ನಕ್ಷೆಯ ಸ್ಟಿಕ್ಕರು ಕೆರೆಯುತ್ತಿದ್ದವು. ಫೋನು ವಾಪಸು ಕೇಳಿದ ಡ್ರೈವರ್. ಕೊಡದೆ ಎಷ್ಟು ಹೊತ್ತು ನಿಲ್ಲಲಿ? ಕೊಟ್ಟೆ. ನಮ್ಮ ಬಸ್ಸಿಗಿಂತ ಮೊದಲೇ ಆ ಕಾರು ಧೂಳೆಬ್ಬಿಸಿ ಹೋಯಿತು.

ಬಸ್ಸು ಊರು ಬಿಟ್ಟಿತು. ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟು, ರಸ್ತೆಯ ಬದಿಯ ಪ್ರತಿ ತಗ್ಗಿನಲ್ಲೂ ಆ ಕಾರನ್ನು ಹುಡುಕುತ್ತ ಕೂತೆ. ಒಂದು ತಿರುವಿನಲ್ಲಿ ಅಂಗೈಯ ಕೆಳಗೆ ಟಪ್ಪನೆ ಒಂದು ಏಟು ಬಿತ್ತು. ಮತ್ತೊಂದು. ಮಗಳು ಕಣ್ಣು ಮುಚ್ಚಿ ನನ್ನ ಹೆಗಲಿಗೆ ಒರಗಿ ಅಳತೊಡಗಿದಳು. ನಾನೂ ಉಸಿರು ಬಿಟ್ಟೆ.

ಆಗ ಹಿಂದಿನಿಂದ ಒಂದು ದನಿ, ಅಷ್ಟೇ ಮರ್ಯಾದೆಯಿಂದ: "ಏಡಿಕಕ್ಕಾ?"

ಟಿಕೆಟು ಕೊಡಲು ಬಂದ ಕಂಡಕ್ಟರ್, ಎಲ್ಲಿಗೆ ಎಂದು ಕೇಳುತ್ತಿದ್ದ. ಎದುರಿನಿಂದ ಲಾರಿ ಬರುತ್ತದೇನೋ ಎಂದು ನನ್ನ ಕಣ್ಣು ಮುಂದಿನ ಗಾಜಿನ ಮೇಲೇ ನೆಟ್ಟಿತ್ತು.